ಎಡಗಡೆಯ ಬೆಳಕು

ಗುರುವಾರ, ಮಧ್ಯಾಹ್ನ

ನನ್ನ ಗುಬ್ಬೀ,

ಅಮ್ಮನ ಮುದ್ದು. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುನಡುವೆ ಕಿಸಕ್ಕನೆ ನಗುತ್ತೀ, ನನಗೆ ಮಾತು ತಪ್ಪಿಹೋಗುತ್ತದೆ. ಕಾಗದ ನಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹೊಳೆದಂಡೆಯಲ್ಲಿ ಚಿತ್ರ ಬಿಡಿಸುವ ಸ್ಪರ್ಧೆ ಇದೆ, ಅಪ್ಪ ಹೆಸರು ಕೊಟ್ಟಿದ್ದಾರೆ, ದೂರದಿಂದಾದರೂ ನೋಡಿ ಬಾ ಅಂತ ನೀನು ಹೇಳಿದಾಗ, ನನಗೇನು ಬೇರೆ ಕೆಲಸವಿಲ್ಲವೇ ಅಂದಿದ್ದೆ. ಭಾನುವಾರ ನಿಜಕ್ಕೂ ಬೇರೆ ಕೆಲಸವಿರಲಿಲ್ಲ. ನಮ್ಮ ಹಲ್ಲಿನ ಕ್ಲಿನಿಕ್ಕಿಗೆ ರಜೆ. ಬಟ್ಟೆ ಒಗೆದೆ, ಒಗೆದದ್ದನ್ನೇ ಇನ್ನೊಮ್ಮೆ ಜಾಲಿಸಿದೆ, ಆಮೇಲೆ ಸೋಪು ಮುಗಿದದ್ದು ನೆನಪಾಯಿತು. ಸೋಪಿನ ಅಂಗಡಿ ನಮ್ಮ ಬೀದಿಯ ತಿರುವಿನಲ್ಲೇ ಇದೆ. ನಾನು ಹೊಳೆದಂಡೆಯವರೆಗೂ ಹೋದೆ.

ಎಷ್ಟೊಂದು ಜನ ಅಂತೀಯಾ! ದೋಣಿಕಟ್ಟೆಯಿಂದ ಹಳೇ ಸೇತುವೆಯವರೆಗೂ ಚಿತ್ರಗಾರರ ಸಾಲು. ಕೆಲವರಿಗೆ ಮೂರು ಕಾಲಿನ ಸ್ಟ್ಯಾಂಡು, ಕೆಲವರಿಗೆ ತೊಡೆಯೇ ಸ್ಟ್ಯಾಂಡು. ಹೊತ್ತು ಮುಳುಗಿ ಬೀದಿದೀಪ ಹತ್ತಿದ ಮೇಲೆ ಸೀಟಿ ಊದುತ್ತಾರಂತೆ, ಅಷ್ಟರೊಳಗೆ ಮುಗಿಸಬೇಕಂತೆ. ಒಬ್ಬ ಕಾಲೇಜು ಹುಡುಗಿ ಹೊಳೆಯನ್ನು ಪೂರಾ ಕೆಂಪು ಮಾಡಿಟ್ಟಿದ್ದಳು. ನೀರು ಎಲ್ಲಾದರೂ ಕೆಂಪಗಿರುತ್ತದೆಯೇನಮ್ಮ ಅಂತ ಒಬ್ಬ ಅಜ್ಜ ಕೇಳಿದರು. ಅವಳು ಕುಂಚದಿಂದ ಹೊಳೆಯ ಕಡೆ ತೋರಿಸಿದಳು. ಎಲ್ಲರೂ ತಿರುಗಿ ನೋಡಿದೆವು. ಇಳಿಬಿಸಿಲಿಗೆ ಕೆಂಪಗೇ ಇತ್ತು ಕಣೇ. ಅಜ್ಜ ಕನ್ನಡಕ ಒರೆಸಿಕೊಂಡು, ಮುಂದಿನವರ ಚಿತ್ರದಲ್ಲಿ ತಪ್ಪು ಹುಡುಕಲು ಹೊರಟರು.

ನಿನ್ನ ಅಪ್ಪ ಸಾಲಿನ ತುತ್ತತುದಿಯಲ್ಲಿದ್ದರು, ದೋಣಿ ಕಟ್ಟುವ ಕಂಬದ ಪಕ್ಕ. ಬೋರ್ಡು ಬರೆಯುವ ಹಳೇ ಏಣಿಗೇ ಒಂದು ಪ್ಲೈವುಡ್ ಹಲಗೆ ಒರಗಿಸಿಕೊಂಡಿದ್ದರು. ಕುಂಚವನ್ನು ಅಂಗಿಯ ತೋಳಿಗೆ ಒರೆಸುವ ಚಾಳಿ ಹಾಗೇ ಇದೆ. ಬಯ್ಯುವವರಿಲ್ಲದೆ ಈಗ ಎರಡೂ ತೋಳಿಗೆ ಒರೆಸುತ್ತಾರೆ. ಹೊಟ್ಟೆಗೆ ಸರಿಯಾಗಿ ತಿನ್ನುತ್ತಾರಾ ಅಂತ ಕೇಳಿದ್ದೆಯಲ್ಲ, ಬೆನ್ನು ನೋಡಿ ಹೇಳುವುದಾದರೆ, ಇಲ್ಲ.

ಜನರ ನಡುವೆ, ಅವರ ಬೆನ್ನ ಹಿಂದೆ ನಿಂತೆ. ಮುಖ ಕಾಣಿಸುವ ಕಡೆ ನಿಲ್ಲಲು ಧೈರ್ಯ ಬರಲಿಲ್ಲ.

ಅಪ್ಪ ಯಾಕೆ ಮನೆ ಬಿಟ್ಟರು ಅಂತ ನೀನು ಕೇಳಿದಾಗಲೆಲ್ಲ ನಾನು ಮಾತು ಹಾರಿಸಿದ್ದೇನೆ. ಅಂಗಡಿಯವರೆಲ್ಲ ಫ್ಲೆಕ್ಸ್ ಮಾಡಿಸಿಕೊಳ್ಳಲು ಶುರು ಮಾಡಿದ ಮೇಲೆ ಅವರಿಗೆ ಬೋರ್ಡು ಬರೆಯುವ ಕೆಲಸ ನಿಂತೇಹೋಯಿತು. ಕೂತು ಗೋಡೆ ನೋಡುವವರನ್ನು ನೋಡುತ್ತ ಇರುವುದು ನನ್ನಿಂದಾಗಲಿಲ್ಲ. ಫ್ಲೆಕ್ಸ್ ಅಂಗಡಿಯ ಯಜಮಾನರನ್ನು ಕಂಡು, ಇವರಿಗೊಂದು ಕೆಲಸ ಕೊಡಿ ಅಂತ ಕೇಳಿಕೊಂಡು ಬಂದೆ. ವಿಷಯ ಅಪ್ಪನಿಗೆ ತಿಳಿಯಿತು. ಕೆಲವು ದಿನ ಬಿಟ್ಟು, ಗೆಳೆಯನ ಗ್ಯಾರೇಜಿನ ಮೇಲಿನ ಕೋಣೆಗೆ ಹೋದರು. ಕೋಪ ಮಾಡಿಕೊಂಡು ಹೋದದ್ದಲ್ಲ. ಹೋದ ಮೇಲೆ ಇಬ್ಬರಿಗೂ ಕೋಪ ಬಂತು. ನಾನಾಗಿ ಕರೆಯಲಿ ಅಂತ ಅವರು, ತಾವಾಗಿ ಬರಲಿ ಅಂತ ನಾನು. ಹೀಗೇ ಮೂರು ವರ್ಷ ಉರುಳಿಹೋಯಿತು.

ಹಲಗೆಯ ಮೇಲೆ ದೋಣಿಯಿಲ್ಲ, ಸೇತುವೆಯಿಲ್ಲ, ಬರೀ ನೀರು. ಅಕ್ಷರ ಬರೆಯುವ ಅದೇ ಚಪ್ಪಟೆ ಕುಂಚ ಹಿಡಿದು, ಉಸಿರು ಬಿಗಿಹಿಡಿದು, ಒಂದೊಂದು ಅಲೆಯನ್ನೂ ಒಂದೇ ಎಳೆತಕ್ಕೆ ಎಳೆಯುತ್ತಿದ್ದರು. ಮದುವೆಯಾದಾಗಿನಿಂದ ಅವರು ಬರೆದ ಎಷ್ಟೋ ಬೋರ್ಡು ನೋಡಿದ್ದೇನೆ. ಓದುವಂಥದ್ದೇನೂ ಇಲ್ಲದ ಹಲಗೆಯನ್ನು ಅವರ ಕೈಕೆಳಗೆ ಅವತ್ತೇ ನೋಡಿದ್ದು. ಆದರೂ ಓದಿದ ಹಾಗೇ ಅನ್ನಿಸುತ್ತಿತ್ತು.

ಅಷ್ಟರಲ್ಲಿ ಕತ್ತಲು ಇಳಿಯಿತು. ಬೀದಿದೀಪ ಹತ್ತಿದರೂ ಅವರಿದ್ದ ತುದಿಗೆ ಬೆಳಕು ಎಟುಕುತ್ತಿರಲಿಲ್ಲ. ಕೆಳಗಿನ ಮೂಲೆ ಇನ್ನೂ ಖಾಲಿ. ಅವರು ತಲೆ ತಿರುಗಿಸದೆ, ಯಾರಾದರೂ ಸ್ವಲ್ಪ ಮೊಬೈಲಿನ ಬೆಳಕು ಹಿಡಿಯುತ್ತೀರಾ ಅಂತ ಕೇಳಿದರು. ಪಕ್ಕದವರೊಬ್ಬರು ಜೇಬಿಗೆ ಕೈ ಹಾಕಿದರು. ನನಗೆ ಏನಾಯಿತೋ, ಅವರನ್ನು ದಾಟಿ ಮುಂದೆ ಹೋಗಿ ನನ್ನ ಫೋನು ಎತ್ತಿ ಹಿಡಿದೆ. ಕ್ಲಿನಿಕ್ಕಿನಲ್ಲಿ ದಿನವಿಡೀ ಇನ್ನೊಬ್ಬರ ಬಾಯೊಳಗೆ ಬೆಳಕು ಬಿಡುವವಳು ನಾನು, ಕೈ ಅಲ್ಲಾಡುವುದಿಲ್ಲ. ಅವತ್ತು ಮಾತ್ರ ಎದೆ ಎಷ್ಟು ಹೊಡೆದುಕೊಳ್ಳುತ್ತಿತ್ತೆಂದರೆ, ಅದು ಕೇಳಿಸಿಯೇ ಅವರು ತಿರುಗುತ್ತಾರೇನೋ ಅನ್ನಿಸಿತು.

ತಿರುಗಲಿಲ್ಲ. ನಾಲ್ಕೈದು ಅಲೆ ಎಳೆದರು. ಕುಂಚ ತೋಳಿಗೆ ಒರೆಸಿದರು. ಆಮೇಲೆ ಹಲಗೆಗೇ ಹೇಳುವವರ ಹಾಗೆ ಮೆಲ್ಲಗೆ ಅಂದರು:

“ಮಂಡಿ ನೋಯ್ತಿದ್ರೆ ಆ ಬಣ್ಣದ ಡಬ್ಬದ ಮೇಲೆ ಕೂತ್ಕೋ. ಅಲ್ಲಿಂದಲೂ ಬೆಳಕು ಬೀಳುತ್ತೆ.”

ನಾನೇ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿದೆ.

“ಎಡಗಡೆ ನಿಂತ್ಕೊಳ್ಳಿ ಅಂತ ನಾನು ಹೇಳ್ಲೇ ಇಲ್ವಲ್ಲ,” ಅಂದರು.

ಕೈಯ ನೆರಳು ಅಕ್ಷರದ ಮೇಲೆ ಬೀಳಬಾರದು ಅಂತ, ಹಬ್ಬದ ಮುಂಚಿನ ಅವಸರದ ಕೆಲಸಗಳಿಗೆ ನಾನು ಲಾಟೀನು ಹಿಡಿದು ಎಡಗಡೆಗೇ ನಿಲ್ಲುತ್ತಿದ್ದೆ. ನೀನು ಆಗ ಹುಟ್ಟಿರಲಿಲ್ಲ. ಕಾಲು ತಾನಾಗಿ ಆ ಕಡೆಗೇ ಹೋಗಿತ್ತು, ನನಗೇ ಗೊತ್ತಾಗಿರಲಿಲ್ಲ.

ಡಬ್ಬದ ಮೇಲೆ ಕೂತೆ. ಅವರು ಕೆಲಸ ನಿಲ್ಲಿಸದೆಯೇ ಮಾತಾಡಿದರು. ಫ್ಲೆಕ್ಸ್ ಅಂಗಡಿಯ ಸುದ್ದಿ ತಾವಾಗಿಯೇ ತೆಗೆದರು. “ನಾನು ಮುಗಿದುಹೋದೆ ಅಂತ ನೀನೂ ಅಂದ್ಕೊಂಡಿದೀಯ ಅನ್ನಿಸಿಬಿಡ್ತು.”

ನಾನು ಅಂದೆ, “ಮುಗಿದುಹೋದವರಿಗೆ ಯಾರಾದ್ರೂ ಕೆಲಸ ಹುಡುಕ್ತಾರೇನ್ರೀ?”

ಆಗ ತಿರುಗಿ ನೋಡಿದರು. ಮುಖವೂ ಇಳಿದಿದೆ ಗುಬ್ಬೀ, ಕೂದಲು ಪೂರ್ತಿ ಬೆಳ್ಳಗಾಗಿದೆ. ಕುಂಚ ಅವರ ಕೈಯಲ್ಲಿ ಹಾಗೇ ನಿಂತಿತ್ತು. ಅಷ್ಟರಲ್ಲಿ ಸೀಟಿ ಕೇಳಿಸಿತು. ಮೂಲೆಯಲ್ಲಿ ಅಂಗೈಯಗಲ ಜಾಗ ಖಾಲಿಯೇ ಉಳಿಯಿತು, ನನ್ನಿಂದಾಗಿ.

ಬಹುಮಾನ ಕೆಂಪು ಹೊಳೆಯ ಹುಡುಗಿಗೆ ಬಂತು. ಅಪ್ಪನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಅವರ ಚಿತ್ರದ ಮುಂದೆ ತೀರ್ಪುಗಾರರು ಒಂದು ಗಳಿಗೆ ನಿಂತು ಮುಂದಕ್ಕೆ ಹೋದರಷ್ಟೆ. ಬೇಸರವಾಯಿತಾ ಅಂತ ಕೇಳಿದೆ. ಆ ಮೂಲೆ ಮುಗಿಸಿಬಿಟ್ಟರೆ ಬೇಸರ ಹೋಗುತ್ತದೆ ಅಂದರು.

ಹಸಿ ಹಲಗೆಯನ್ನು ಬಸ್ಸಿನವನು ಹತ್ತಿಸಿಕೊಳ್ಳಲಿಲ್ಲ. ಗ್ಯಾರೇಜಿನ ಕೋಣೆ ಹೊಳೆಯಿಂದ ದೂರ, ನಮ್ಮ ಮನೆಯೇ ಹೊಳೆಗೆ ಹತ್ತಿರ. ಒಂದು ತುದಿ ಅವರು, ಒಂದು ತುದಿ ನಾನು ಹಿಡಿದುಕೊಂಡು ನಡೆದು ಬಂದೆವು. ಬಣ್ಣ ಒಣಗಲಿ ಅಂತ ಹಲಗೆಯನ್ನು ನಿನ್ನ ಕೋಣೆಯಲ್ಲಿ ಇಟ್ಟಿದ್ದೇನೆ. ವಾಸನೆಗೆ ಕಿಟಕಿ ತೆರೆದಿಟ್ಟಿದ್ದೇನೆ. ಇಷ್ಟೇ ಸುದ್ದಿ. ನೀನು ಏನೇನೋ ಲೆಕ್ಕ ಹಾಕಿಕೊಂಡು ಕುಣಿಯಬೇಡ. ಹೊತ್ತು ಹೊತ್ತಿಗೆ ಊಟ ಮಾಡು, ತಲೆ ಒದ್ದೆಯಿಟ್ಟುಕೊಂಡು ಮಲಗಬೇಡ.

ನಿನ್ನ ದಾರಿ ನೋಡುವ,
ಅಮ್ಮ

ತಾ.ಕ.: ಲಕೋಟೆಯ ಮೇಲಿನ ವಿಳಾಸ ಅಚ್ಚು ಹಾಕಿದ ಹಾಗಿದೆಯಲ್ಲ ಅಂತ ನಿನಗೆ ಆಗಲೇ ಅನುಮಾನ ಬಂದಿರುತ್ತದೆ. ಹೌದು, ಅವರೇ ಬರೆದದ್ದು, ಅಡ್ಡಗೆರೆ ಎಳೆದುಕೊಂಡು. ಬಣ್ಣ ಮೊನ್ನೆಯೇ ಒಣಗಿತು. ಹೊರಡುತ್ತೇನೆ ಅಂತ ಅವರೂ ಅಂದಿಲ್ಲ, ಹೊರಡಿ ಅಂತ ನಾನೂ ಅಂದಿಲ್ಲ. ಭಾನುವಾರ ಫೋನು ಮಾಡಿದಾಗ ಗಂಡಸಿನ ದನಿ ಕೇಳಿಸಿದರೆ ರಾಂಗ್ ನಂಬರ್ ಅಂತ ಇಟ್ಟುಬಿಡಬೇಡ.