ಹೌದು ಸಾರ್

ಭಾನುವಾರ, ಮಧ್ಯಾಹ್ನ

ಅಮ್ಮಾ,

ಈ ಕಾಗದ ನಿನ್ನ ಕೈಗೇ ಸಿಗಲಿ ಎಂದು ಚಿಕ್ಕಮ್ಮನ ಹತ್ತಿರ ಕೊಟ್ಟು ಕಳಿಸುತ್ತಿದ್ದೇನೆ. ನಿನ್ನ ಹೊಲಿಗೆ ಕ್ಲಾಸಿನ ಹುಡುಗಿಯರೆಲ್ಲ ಹೋದ ಮೇಲೆ ಒಬ್ಬಳೇ ಕೂತು ಓದು.

ನಿನ್ನ ಮಗ, ನಮ್ಮ ಮರಿ, ಜೈಲಿನಲ್ಲಿದ್ದಾನೆ. ಗಾಬರಿಯಾಗಬೇಡ ಎಂದು ಬರೆಯಹೊರಟೆ. ಆದರೆ ಇದು ಗಾಬರಿಯಾಗುವಂಥದ್ದೇ.

ಅವನು ಕೆಲಸ ಮಾಡುವ ಟೈರ್ ಗೋದಾಮಿನಲ್ಲಿ ಜೊತೆಗಿದ್ದ ಇಬ್ಬರು, "ಸಂಜೆ ಹಿಂದಿನ ಶಟರ್ ಸ್ವಲ್ಪ ತೆಗೆದಿಡೋ, ನೀನು ನಮ್ಮ ಫ್ರೆಂಡ್ ಅಲ್ವಾ" ಎಂದರಂತೆ. ತೆಗೆದಿಟ್ಟ. ಅವರು ಟೈರು ತುಂಬಿಕೊಂಡು ಹೋದರು. ಇವನು ತೆರೆದ ಶಟರ್ ಪಕ್ಕದಲ್ಲೇ ನಿಂತಿದ್ದ. ಮುಚ್ಚು ಎಂದು ಯಾರೂ ಹೇಳಿರಲಿಲ್ಲವಲ್ಲ.

ಪೊಲೀಸರು, "ನೀನೇ ಕದ್ದಿದ್ದಾ?" ಎಂದು ಕೇಳಿದರು. "ಹೌದು ಸಾರ್." "ಒಬ್ಬನೇನಾ?" "ಹೌದು ಸಾರ್." "ಬೇರೆಯವರೂ ಇದ್ರಾ?" "ಹೌದು ಸಾರ್." ಕೊನೆಗೆ ಅವರು ತೋರಿಸಿದ ಕಡೆ ಸಹಿ ಹಾಕಿದ್ದಾನೆ. ಎದುರಿಗಿರುವವರಿಗೆ ಖುಷಿಯಾಗಲಿ ಎಂದು ಎಲ್ಲದಕ್ಕೂ ಹೌದು ಎನ್ನುವುದು ಅವನ ಸ್ವಭಾವ. ನಿನಗದು ಗೊತ್ತಿರಲಿಕ್ಕಿಲ್ಲ, ನೀನು ಹೋದಾಗ ಅವನಿನ್ನೂ ತೊದಲುತ್ತಿದ್ದ.

ಇಪ್ಪತ್ತೆರಡು ವರ್ಷದವನಿಗೆ ಈಗಲೂ ಹಲ್ಲುಜ್ಜು ಎಂದು ಒಮ್ಮೆ, ಬಾಯಿ ಮುಕ್ಕಳಿಸು ಎಂದು ಇನ್ನೊಮ್ಮೆ ಹೇಳಬೇಕು. ನಿನ್ನೆ ಕಲಿತದ್ದು ಇವತ್ತು ಇರುವುದಿಲ್ಲ. ಸೋಮಾರಿ ಎಂದು ಶಾಲೆಯಲ್ಲಿ ಹೊಡೆದರು, ಮೊಂಡ ಎಂದು ಅಜ್ಜಿ ಇರುವತನಕ ಬೈದರು. ನಾನೇನು ಕಡಿಮೆ ಬೈದಿಲ್ಲ. ನನ್ನನ್ನು ಮದುವೆಯಾಗುತ್ತೇನೆ ಎಂದಿದ್ದ ಕನ್ನಡಕದಂಗಡಿಯವನು, "ಇವನೂ ನಮ್ಮ ಜೊತೇಲೇ ಇರ್ತಾನಾ?" ಎಂದು ಒಂದು ದಿನ ಕೇಳಿದ. ಇರ್ತಾನೆ ಎಂದೆ. ಮತ್ತೆ ಮದುವೆಯ ಮಾತೇ ಬರಲಿಲ್ಲ. ಈಗಲೂ ಅದೇ ಅಂಗಡಿಯಲ್ಲಿ ಅವನ ಪಕ್ಕ ನಿಂತು ಗಾಜು ಒರೆಸುತ್ತೇನೆ.

ವಕೀಲರು ಒಬ್ಬ ಡಾಕ್ಟರಮ್ಮನನ್ನು ಕರೆಸಿದರು. ಅವರು ಮರಿಯ ಮುಖವನ್ನೇ ತುಂಬ ಹೊತ್ತು ನೋಡಿದರು. ಮೂಗಿನ ಕೆಳಗೆ ನಮಗೆಲ್ಲ ಇರುವ ಸಣ್ಣ ತಗ್ಗು ಅವನಿಗಿಲ್ಲ, ಮೇಲ್ತುಟಿ ಗೆರೆಯಷ್ಟು ತೆಳ್ಳಗೆ. ನಾನದನ್ನು ಅವನ ಚಂದ ಎಂದುಕೊಂಡಿದ್ದೆ. "ಇವನು ಹೊಟ್ಟೇಲಿದ್ದಾಗ ನಿಮ್ಮಮ್ಮ ಕುಡೀತಿದ್ರಾ?" ಎಂದು ಕೇಳಿದರು.

ಕುಡೀತಿದ್ರು ಎಂದೆ. ಅಪ್ಪ ಬಿಟ್ಟುಹೋದ ವರ್ಷ ಅದು. ನನಗೆ ಒಂಬತ್ತು ವರ್ಷ, ಎಲ್ಲ ನೆನಪಿದೆ. ಆದರೆ ಚಿಕ್ಕ ಹುಡುಗಿಯ ನೆನಪು ಕೋರ್ಟಿನಲ್ಲಿ ನಿಲ್ಲುವುದಿಲ್ಲವಂತೆ. ತಾಯಿಯೇ ಬಂದು ಹೇಳಿದರೆ ಇದು ಹೊಟ್ಟೆಯಲ್ಲಿದ್ದಾಗಲೇ ಕುಡಿತದಿಂದ ಮಿದುಳಿಗೆ ಆದ ತೊಂದರೆ ಎಂದು ಡಾಕ್ಟರಮ್ಮ ಗಟ್ಟಿಯಾಗಿ ಹೇಳಬಹುದು. ಆಗ ಅವನ ಹೌದುಗಳಿಗೆ ಬೆಲೆ ಇಲ್ಲ ಎಂದು ವಕೀಲರು ವಾದಿಸುತ್ತಾರೆ.

ನಿನಗೊಬ್ಬ ಮಗನಿದ್ದಾನೆ ಎಂದು ನೀನು ಮತ್ತೆ ಮದುವೆಯಾಗಿ ಹೋದ ಆ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಬಲ್ಲೆ. ನೀನು ಹೆಂಡ ಮುಟ್ಟದೆ ಎಷ್ಟೋ ವರ್ಷವಾಯಿತು ಎಂದು ಚಿಕ್ಕಮ್ಮ ಹೇಳಿದರು, ಸಂತೋಷವಾಯಿತು. ಕುಡಿದರೆ ಮಗುವಿಗೆ ಹೀಗಾಗುತ್ತದೆ ಎಂದು ನಿನಗೆ ಆಗ ಒಬ್ಬರೂ ಹೇಳಿರಲಿಲ್ಲ. ನಿನ್ನನ್ನು ಕಟಕಟೆಯಲ್ಲಿ ನಿಲ್ಲಿಸಿ ಸೇಡು ತೀರಿಸಿಕೊಳ್ಳುವ ಆಸೆ ನನಗಿಲ್ಲ. ಇತ್ತು, ಈಗಿಲ್ಲ.

ಗುರುವಾರ ವಿಚಾರಣೆ. ಬಾ ಅಮ್ಮಾ.

ನಿನ್ನ
ದೊಡ್ಡವಳು

ವಿ.ಸೂ.: ಕಾಗದ ಮಡಚಿಟ್ಟು ಮರಿಯನ್ನು ನೋಡಿಬಂದೆ. ಸ್ವಲ್ಪ ಮೈ ಕೈ ತುಂಬಿಕೊಂಡಿದ್ದಾನೆ. "ಇಲ್ಲಿ ಚೆನ್ನಾಗಿದೆ ಅಕ್ಕಾ. ಬೆಲ್ ಹೊಡೆದ್ರೆ ಏಳೋದು, ಬೆಲ್ ಹೊಡೆದ್ರೆ ಊಟ. ಯಾಕೆ ಮರೆತೆ ಅಂತ ಯಾರೂ ಕೇಳಲ್ಲ. ಇಲ್ಲೇ ಇದ್ದುಬಿಡ್ಲಾ?" ಎಂದ. ಬೇಡ ಕಣೋ ಎನ್ನಬೇಕಿತ್ತು. ಅದು ನನ್ನ ಬಾಯಿಗೆ ತಕ್ಷಣ ಬರಲಿಲ್ಲ ಅಮ್ಮಾ. ಅಷ್ಟರಲ್ಲಿ ಬೆಲ್ ಹೊಡೆಯಿತು. ಅವನು ಎದ್ದು ಹೋಗಿ ಸಾಲಿನಲ್ಲಿ ನಿಂತುಕೊಂಡ.