ನೆಲದ ಗುಂಪಿಗೆ ಹಾಕಿರಿ

ಕೊಟ್ಟೂರು, ಸೋಮವಾರ

ರೆಸ್ಪೆಕ್ಟೆಡ್ ಡಾಕ್ಟರ್ ಶಾಂಭವಿ ಅವರಿಗೆ ಅಜ್ಜಯ್ಯನ ಶರಣು.

ಐ ಬೆಗ್ ಟು ಸ್ಟೇಟ್ ಏನೆಂದರೆ, ನಿಮ್ಮ ಮೊಣಕಾಲು ಸಂಶೋಧನೆಗೆ ಚೀಟಿ ಎತ್ತಿದಾಗ ನಾನು ನಡೆಯುವವರ ಗುಂಪಿಗೆ ಬಿದ್ದೆ. ನೆಲದಲ್ಲಿ ಕೂತು ಏಳುವ ಕಸರತ್ತಿನ ಗುಂಪಿಗೆ ಗೆಳೆಯ ಗಾಳೆಪ್ಪ ಬಿದ್ದಿದ್ದಾನೆ. ಅವನು, "ನನಗ ನಡಿಯಾದ ಬೇಕಿತ್ತಲೇ, ಚಾದಂಗಡಿ ದೂರ ಐತಿ" ಎನ್ನುತ್ತಾನೆ. ನಮ್ಮಿಬ್ಬರನ್ನು ಅದಲುಬದಲು ಮಾಡಲು ಬರುತ್ತದೆಯೇ?

ಕಾರಣವಿದೆ. ನಾನೂ ನನ್ನಾಕೆ ನೀಲಗಂಗಮ್ಮನೂ ಮದುವೆಯಾದಾಗಿನಿಂದ ಬೆಳಿಗ್ಗೆ ಎದುರುಬದುರು ನೆಲದ ಮೇಲೆ ಕೂತು ಲಿಂಗಪೂಜೆ ಮಾಡಿದವರು. ನನ್ನದು ಯಾವಾಗಲೂ ತಡ. ಆಕೆ ಎದ್ದು ಬಂದು ಕೈ ಚಾಚಿ, "ಏಳ್ರಿ ಸಾಕು, ಶಿವಗ ಹಸಿವಿಲ್ಲ, ನಮಗೈತಿ" ಎನ್ನುತ್ತಿದ್ದಳು. ಆ ಕೈ ಹಿಡಿದೇ ಏಳುತ್ತಿದ್ದೆ. ಮೊಣಕಾಲು ಸೋತದ್ದು ಆಗ ತಿಳಿಯಲೇ ಇಲ್ಲ.

ಆಕೆ ಹೋದ ಮೇಲೆ ಕುರ್ಚಿಯಲ್ಲಿ ಪೂಜೆ. ಬಸ್ಸಿಗೆ ಕಾದು ಕೂತಂತೆ ಅನಿಸುತ್ತದೆ. ಸೊಸೆ ಗಂಗಾಂಬಿಕಾ, "ನೆಲದ ಮ್ಯಾಲ ಕುಂದರ್ರಿ ಮಾವಾರ, ನಾ ಎಬ್ಬಿಸ್ತೀನಿ" ಎನ್ನುತ್ತಾಳೆ. ನಾನೇ ಬೇಡವೆಂದಿದ್ದೇನೆ.

ನಿಯಮ ಒಪ್ಪದಿದ್ದರೆ ಬಿಡಿ, ನಿಮ್ಮ ರಿಸರ್ಚ್ ಸ್ಪಾಯಿಲ್ ಆಗಬಾರದು. ಅದು ಮುಗಿದ ಮೇಲಾದರೂ ಒಂದು ದಿನ ಕರೆಯಿರಿ. ಕೂರಲು ನನಗೆ ಬರುತ್ತದೆ ತಾಯಿ, ಒಬ್ಬನೇ ಏಳುವುದನ್ನು ಕಲಿಸಿರಿ.

ಯುವರ್ಸ್ ಒಬೀಡಿಯಂಟ್ಲಿ,
ಅಜ್ಜಯ್ಯ