ಅನ್ನ ಹಾಕುವವರ ಸಹಿ

ವಡಾಲ, ಸೋಮವಾರ

ಯಕ್ಷಿತಾ ಅವರಿಗೆ,

ಬೀದಿನಾಯಿ ಸಂಸ್ಥೆಯಲ್ಲಿ, ನಾಯಿಗೊಂದರಂತೆ ತುಂಬುವ ಗಣತಿ ಫಾರ್ಮುಗಳನ್ನು ಕಂಪ್ಯೂಟರಿಗೆ ಏರಿಸುವವಳು ನಾನು. ಪ್ರತಿ ಫಾರ್ಮಿನಲ್ಲೂ ಆ ನಾಯಿಗೆ ಅನ್ನ ಹಾಕುವವರ ಸಹಿ ಇರುತ್ತದೆ. ನಿಮ್ಮ ಅಪ್ಪ, ಹೋಟೆಲಿನ ಚೆನ್ನಯಣ್ಣ ತೀರಿಕೊಂಡು ಮೂರು ತಿಂಗಳಾಯಿತು. ವಡಾಲದ ಫಾರ್ಮುಗಳಲ್ಲಿ ಈಗಲೂ ಅವರ ಕನ್ನಡ ಸಹಿಯೇ ಬರುತ್ತಿದೆ. ಚೇಷ್ಟೆಯೆಂದು ಗಣತಿಯ ಹುಡುಗಿಯರಿಗೆ ಬೈದೆ. “ದೀದಿ, ಹೋಟೆಲ್‌ವಾಲೆ ಅಂಕಲ್ ನೇ ಖುದ್ ಸೈನ್ ಕಿಯಾ” ಎಂದರು, ಹೋಟೆಲಿನ ಅಂಕಲ್ ತಾವೇ ಸಹಿ ಹಾಕಿದರಂತೆ. ಅವರಲ್ಲಿ ಯಾರಿಗೂ ಕನ್ನಡ ಅಕ್ಷರ ಬಾರದು.

ನಿನ್ನೆಯ ಫಾರ್ಮು ಕಾಂದಿವಲಿಯದು, ನೀವು ಮೊನ್ನೆ ಮನೆ ಬದಲಿಸಿ ಹೋದ ಬಿಲ್ಡಿಂಗಿನ ಗೇಟಿನಲ್ಲಿರುವ ಕರಿನಾಯಿಯದು. ಲಸಿಕೆಯ ದಿನ ಅದನ್ನು ಹಿಡಿದುಕೊಳ್ಳುವವರು ಯಾರು ಎಂಬಲ್ಲಿ ಅದೇ ಕೈಬರಹದಲ್ಲಿ ‘ನನ್ನ ಮಗಳು’ ಎಂದಿದೆ.

ಲಸಿಕೆ ಈ ಭಾನುವಾರ, ಬೆಳಿಗ್ಗೆ ಎಂಟಕ್ಕೆ ಬರುತ್ತೇನೆ. ದಯವಿಟ್ಟು ಕೆಳಗಿಳಿದು ಬನ್ನಿ. ನಿಮ್ಮ ಅಪ್ಪನೂ ಬಂದಿದ್ದರೆ, ಒಬ್ಬಳೇ ಮಾತಾಡಿಸಲು ನನಗೆ ಧೈರ್ಯವಿಲ್ಲ.

ನಿಮ್ಮ ದಾರಿ ಕಾಯುವ,
ಕೌಸರ